ತಾಂಡಾದಲ್ಲಿ ಸಂಜೆ ಪಾಠ ಶುರು ಮಾಡಬೇಕು, ಸಂಘದ ಬಡ್ಡಿ ದುಡ್ಡು ಬಿಟ್ಟರೆ ಬೇರೇನಿಲ್ಲ. ಹೇಗೆ ಮಾಡಲಿ?

ಸಜ್ಜೆರೊಟ್ಟಿ:
ನಮ್ಮದು ಯಾದಗಿರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾ. 90 ಮನೆ ಇರಬಹುದು. ದೀಪಾವಳಿ ಮುಗಿಯಿತು ಅಂದರೆ ಅರ್ಧ ತಾಂಡಾ ಖಾಲಿ. ಬೆಂಗಳೂರು, ಪುಣೆ, ಗೋವಾ ಅಂತ ಗುಳೆ ಹೋದವರು ಕಾರ ಹುಣ್ಣಿಮೆ ಹೊತ್ತಿಗೆ ವಾಪಸ್ ಬರುತ್ತಾರೆ. ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತಾರೆ, ಇಲ್ಲವಾದರೆ ಜೊತೆಗೇ ಹೋಗುತ್ತಾರೆ. ಉಳಿದವರು ಹತ್ತಿ ಬಿಡಿಸೋಕೆ ಹೋಗುತ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಐದನೇ ಕ್ಲಾಸು. ಬಸ್ಸಿನ ಬೋರ್ಡು ಓದೋಕೆ ಬರೋದಿಲ್ಲ.

ನಮ್ಮ ಹೆಂಗಸರ ಉಳಿತಾಯ ಸಂಘದಲ್ಲಿ 12 ಜನ. ವಾರಕ್ಕೆ ತಲಾ 50 ರೂಪಾಯಿ. ಲೆಕ್ಕ ಬರೆಯುವವಳು ನಾನೇ. ನಮ್ಮವರಿಗೇ ಕೊಡುವ ಒಳಸಾಲದ ಬಡ್ಡಿ ವರ್ಷಕ್ಕೆ 8 ಸಾವಿರದಷ್ಟು ಬರುತ್ತದೆ. ಅದನ್ನು ಮಕ್ಕಳ ಪಾಠಕ್ಕೆ ಇಡೋಣ ಅಂತ ಹೋದ ವಾರ ಹೆಂಗಸರೇ ಹೇಳಿದರು. ನನಗೆ ಖುಷಿಯೂ ಆಯ್ತು, ಭಯವೂ ಆಯ್ತು. ಹಿಂದೆ ಹೊರಗಿನವರು ಬಂದು 10 ಟ್ಯಾಬ್ ಕೊಟ್ಟಿದ್ದರು. ನಾಲ್ಕು ತಿಂಗಳು ನಡೆಯಿತು. ಆಮೇಲೆ ಅವರು ಫೋನೇ ಎತ್ತಲಿಲ್ಲ. ಟ್ಯಾಬ್‌ಗಳು ಇವತ್ತಿಗೂ ಒಬ್ಬರ ಟ್ರಂಕಿನಲ್ಲಿವೆ. ಈ ಸಲ ಯಾರನ್ನೂ ನಂಬಿಕೊಳ್ಳದೆ ನಾವೇ ನಡೆಸಬೇಕು. ಪಿಯುಸಿ ಮುಗಿಸಿದ ಹುಡುಗಿ ಒಬ್ಬಳಿದ್ದಾಳೆ, ಪಾಠ ಹೇಳೋಕೆ ಒಪ್ಪಿದ್ದಾಳೆ. ಅನುಭವ ಇರುವವರು ಹೇಳಿ.

ಹಳೇ ಸಹಯೋಗಿನಿ:
ತಂಗೀ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ನಾನು ಬೀದರ್ ಕಡೆ ಮಹಿಳಾ ಸಮಖ್ಯದಲ್ಲಿ, ಅಂದರೆ ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮದಲ್ಲಿ, ಕೆಲಸ ಮಾಡಿದವಳು. 1989ರಲ್ಲಿ ನಮ್ಮ ರಾಜ್ಯದ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ನಾನು ಸೇರಿದ್ದು ಸ್ವಲ್ಪ ವರ್ಷ ಕಳೆದ ಮೇಲೆ. ಸಹಯೋಗಿನಿ ಅಂದರೆ ಹಳ್ಳಿ ಸುತ್ತಿ ಸಂಘ ನೋಡಿಕೊಳ್ಳುವವಳು. ನನಗೆ ಹತ್ತು ಹಳ್ಳಿ. ಸಂಜೆ ಬಸ್ಸು ಸಿಗದಿದ್ದರೆ ಅಲ್ಲೇ ಯಾರದೋ ಮನೆಯಲ್ಲಿ ರೊಟ್ಟಿ ತಿಂದು ಮಲಗೋದು.

ಶುರುವಿನಲ್ಲಿ ನಾನು ಸ್ಲೇಟು, ಬಳಪ ಹಿಡಿದು ಅ ಆ ಇ ಈ ಕಲಿಸೋಕೆ ಹೋದೆ. ಮೂರನೇ ದಿನಕ್ಕೆ ಯಾರೂ ಬರಲಿಲ್ಲ. ದಿನವಿಡೀ ಕಳೆ ಕಿತ್ತು ಬಂದವರಿಗೆ "ಅರಸ", "ಆನೆ" ಯಾಕೆ ಬೇಕು? ಆಮೇಲೆ ಒಂದು ದಿನ ಸಂಘದ ಒಬ್ಬಾಕೆ ಖಾಲಿ ಚೀಟಿಗೆ ಹೆಬ್ಬೆಟ್ಟು ಒತ್ತಿ, ತಗೊಂಡಿದ್ದಕ್ಕಿಂತ ಜಾಸ್ತಿ ಸಾಲ ತಲೆ ಮೇಲೆ ಹೊತ್ತುಕೊಂಡಳು. ಅವತ್ತು ರಾತ್ರಿ ಎಲ್ಲರೂ ಬಂದರು. "ಅಂಕಿ ಕಲಿಸು" ಅಂದರು. ಬಾಯಿಲೆಕ್ಕದಲ್ಲಿ ಅವರು ನನಗಿಂತ ಚುರುಕು. ಅದು ಕಾಗದದ ಮೇಲೆ ಹೇಗೆ ಕಾಣುತ್ತದೆ ಅನ್ನೋದಷ್ಟೇ ಗೊತ್ತಿರಲಿಲ್ಲ. ರಟ್ಟು ಕತ್ತರಿಸಿ ಅಂಕಿ ಕಾರ್ಡು ಮಾಡಿದೆವು. ಸಂಘದ ಪಾಸ್‌ಬುಕ್ಕೇ ಪಠ್ಯಪುಸ್ತಕ ಆಯಿತು.

ಉದ್ಯೋಗ ಖಾತ್ರಿ ಬಂದ ಮೇಲೆ ಕೆಲಸ ಕೇಳುವ ಅರ್ಜಿ, ನಮೂನೆ 6, ಓದೋಕೆ ಕಲಿತರು. ಕೆಲಸ ಕೇಳಿ ಅರ್ಜಿ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕು ಅಂತ ಆ ಕಾನೂನಿನಲ್ಲಿತ್ತು. ತಾರೀಖು ಹಾಕಿದ ರಸೀದಿ ಇಲ್ಲದಿದ್ದರೆ ಯಾವತ್ತಿನಿಂದ 15 ದಿನ ಎಣಿಸೋದು? ನಮ್ಮ ಹೆಂಗಸರು ಪಂಚಾಯ್ತಿ ಕಟ್ಟೆ ಮೇಲೆ ಕೂತು ರಸೀದಿ ಇಸಕೊಂಡೇ ಎದ್ದರು. ತಾರೀಖು ಸರಿ ಇದೆಯಾ ಅಂತ ತಾವೇ ಓದಿ ನೋಡಿದರು. ಆ ದಿನ ನನಗೆ ಅಳು ಬಂತು.

ಅದಕ್ಕೇ ಹೇಳೋದು, ಮಕ್ಕಳಿಗೆ ಮಾತ್ರ ಅಂತ ಮಾಡಬೇಡ. ತಾಯಂದಿರೂ ಅದೇ ದೀಪದ ಕೆಳಗೆ ಕೂರಲಿ. ಕೇಂದ್ರದ ಹಣ ನಿಂತ ಮೇಲೆ ನಮ್ಮ ಕಾರ್ಯಕ್ರಮ ಮುಗಿಯಿತು. ಆದರೆ ಅಂಕಿ ಕಲಿತ ಸಂಘಗಳು ಮುಂದುವರಿದವು. ನಾನು ಲೆಕ್ಕ ಬರೆದುಕೊಡುತ್ತಿದ್ದ ಎರಡು ಸಂಘ ಮಾತ್ರ ನಾನು ಬಿಟ್ಟ ವರ್ಷವೇ ಒಡೆದವು. ಈಗ ನಿಮ್ಮಲ್ಲಿ ಲೆಕ್ಕ ಬರೆಯುವವಳು ನೀನೊಬ್ಬಳೇ ಅಲ್ವಾ? ನಾಳೆ ನೀನು ಮದುವೆಯಾಗಿ ಹೋದರೆ? ಇನ್ನಿಬ್ಬರಿಗೆ ಈ ವರ್ಷವೇ ಕಲಿಸು.

ಮೇಷ್ಟ್ರು_ಸುರಪುರ:
ಅಕ್ಕ ಹೇಳಿದ್ದು ಸರಿ. ಮಕ್ಕಳ ವಿಷಯಕ್ಕೆ ನನ್ನದೊಂದೆರಡು ಮಾತು.

ತಾಂಡಾದ ಮಕ್ಕಳು ಮನೆಯಲ್ಲಿ ಆಡೋದು ಲಂಬಾಣಿ. ಶಾಲೆಗೆ ಬಂದ ದಿನದಿಂದ ಎಲ್ಲಾ ಕನ್ನಡ. ಮಗು ಸುಮ್ಮನೆ ಕೂತರೆ ದಡ್ಡ ಅಂದುಕೊಳ್ಳುತ್ತೇವೆ. ನಾನೂ ಮೊದಲ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ, ಅದು ನನ್ನ ತಪ್ಪು. ನಿಮ್ಮ ಪಿಯುಸಿ ಹುಡುಗಿಗೆ ಎರಡೂ ಭಾಷೆ ಬರುತ್ತದೆ. ಅದೇ ನಿಮ್ಮ ದೊಡ್ಡ ಆಸ್ತಿ. ಅವಳು ಕಥೆಯನ್ನು ಲಂಬಾಣಿಯಲ್ಲಿ ಹೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಓದಿಸಲಿ.

ಕ್ಲಾಸಿನ ಪ್ರಕಾರ ಕೂರಿಸಬೇಡಿ. ಯಾರಿಗೆ ಎಷ್ಟು ಓದೋಕೆ ಬರುತ್ತದೋ ಅದರ ಪ್ರಕಾರ ಗುಂಪು ಮಾಡಿ. ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳ ನಲಿ-ಕಲಿಯಲ್ಲಿ ನಾವು ಮಾಡೋದೂ ಅದೇ, ಪಾಠ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಎರಡು ತಿಂಗಳು ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಬಂದಿದ್ದು. ತಾಂಡಾದಿಂದ ದೂರ ಅಂದರೆ ವಾರಕ್ಕೊಮ್ಮೆ ಒಬ್ಬರು ಚೀಲದಲ್ಲಿ ತರಲಿ.

ಗುಳೆಯ ಮಗ:
ನಾನು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಬೆಳೆದವನು. ಎರಡನೇ ಕ್ಲಾಸನ್ನು ಮೂರು ಸಲ ಓದಿದೆ. ಈಗ ಅದೇ ಊರಲ್ಲಿ ಎಲೆಕ್ಟ್ರಿಷಿಯನ್.

ಗುಳೆ ಹೋದವರ ಮಕ್ಕಳಿಗಾಗಿ ಆ ಕೆಲವು ತಿಂಗಳು ಮಾತ್ರ ನಡೆಸುವ ಸೀಸನಲ್ ಹಾಸ್ಟೆಲ್ ಇರುತ್ತದೆ. ದೀಪಾವಳಿಗೆ ಮೊದಲೇ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಿ. ಹೋದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಜೊತೆಗೆ ಹೋಗುವ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಕಳಿಸಿ. ಎಲ್ಲಿಯವರೆಗೆ ಓದಿದ್ದಾನೆ ಅಂತ ಮೊದಲ ಪುಟದಲ್ಲಿ ಬರೆದಿರಲಿ. ನನ್ನ ಕೈಲಿ ಅದೊಂದು ಇದ್ದಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಇನ್ನೊಂದು ಮಾತು. ಬಡ್ಡಿ ದುಡ್ಡು ಖರ್ಚು ಮಾಡಿ, ಉಳಿತಾಯದ ಗಂಟು ಮುಟ್ಟಬೇಡಿ. ಆಸ್ಪತ್ರೆ ಖರ್ಚು ಬಂದ ದಿನ ಬಡ್ಡಿಯವರ ಬಾಗಿಲಿಗೆ ಹೋಗದಂತೆ ಕಾಯೋದು ಅದೇ. ಅಪ್ಪ ಪ್ರತಿ ವರ್ಷ ಗುಳೆ ಹೊರಟಿದ್ದು ಅಡ್ವಾನ್ಸ್ ತಗೊಂಡ ಸಾಲ ತೀರಿಸೋಕೆ.

ಸಜ್ಜೆರೊಟ್ಟಿ:
ಎಲ್ಲರಿಗೂ ಕೈ ಮುಗಿದೆ. ನಿನ್ನೆ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹುಡುಗಿಗೆ ತಿಂಗಳಿಗೆ 500, ಅಂದರೆ ವರ್ಷಕ್ಕೆ 6 ಸಾವಿರ. ಉಳಿದ 2 ಸಾವಿರದಲ್ಲಿ ಒಂದು ಸೋಲಾರ್ ದೀಪ, ಸ್ಲೇಟು, ಬಳಪ, ನೋಟ್‌ಬುಕ್. ಜಾಗ ಸೇವಾಲಾಲ್ ಗುಡಿ ಕಟ್ಟೆ. ಏಳರಿಂದ ಎಂಟೂವರೆ. ಗಂಟು ಮುಟ್ಟೋದಿಲ್ಲ ಅಂತ ಗೊತ್ತುವಳಿ ಪುಸ್ತಕದಲ್ಲಿ ಬರೆದಿದ್ದೇವೆ. 18 ಮಕ್ಕಳ ಹೆಸರು ಬಂದಿದೆ. ಲೆಕ್ಕ ಕಲಿಯೋಕೆ ಐದು ಜನ ತಾಯಂದಿರು ಕೈ ಎತ್ತಿದರು, ಅದರಲ್ಲಿ ನಮ್ಮವ್ವನೂ ಒಬ್ಬಳು.

ಸಹಯೋಗಿನಿ ಅಕ್ಕಾ, ಆ ಅಂಕಿ ಕಾರ್ಡನ್ನು ಹೇಗೆ ಮಾಡಿದಿರಿ? 1ರಿಂದ ಶುರು ಮಾಡಿದಿರಾ ಅಥವಾ ನೋಟಿನ ಅಂಕಿ 10, 50, 100 ಮೊದಲು ಕಲಿಸಿದಿರಾ? ಸೋಮವಾರದೊಳಗೆ ಹೇಳಿದರೆ ರಟ್ಟು ಕತ್ತರಿಸಿ ಇಟ್ಟುಕೊಳ್ಳುತ್ತೇನೆ.