ಸಮಸ್ಯೆ: ಜನಮಿಲ್ಲದ ಪಾಳು ಕೋಟೆಗಿರ್ವರ್ ಪ್ರಭುಗಳ್

ಪೃಚ್ಛಕ: ಮೇಲಿನ ಸಾಲೇ ಕೊನೆಯದಾಗುವಂತೆ ಪದ್ಯವನ್ನು ಪೂರೈಸಿ. ಸುಳಿವು ಇಷ್ಟೇ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿ, ಸಂಸತ್ತಿನಲ್ಲಿ ತಮಗೂ ಪ್ರಾತಿನಿಧ್ಯ ಬೇಕೆಂದು ಕೇಳಿದಾಗ ಅವರ ಮೇಲೆ ಕುದುರೆಪಡೆ ನುಗ್ಗಿತು. ಆ ಊರಿಗೆ ತನ್ನದೆನ್ನುವ ಒಬ್ಬ ಸದಸ್ಯನೂ ಇರಲಿಲ್ಲ. ಹಾಳುಬಿದ್ದ ಹಳೆಯ ಕೋಟೆಯೂರು ಓಲ್ಡ್ ಸೇರಮ್ಮಿಗೆ ಇಬ್ಬರಿದ್ದರು.

ಲಘುಬಾಹು:
ಅನಿತೊಂದು ಜನಂ ನೆರೆದುಂ
ದನಿಗುಡುವವನೊರ್ವನಿಲ್ಲ ನಗರಕೆ ಸಭೆಯೊಳ್
ಕನಸಿನ ಮತಪೆಟ್ಟಿಗೆಯೇಂ
ಜನಮಿಲ್ಲದ ಪಾಳು ಕೋಟೆಗಿರ್ವರ್ ಪ್ರಭುಗಳ್

ಗಣಕ: ಎರಡನೆಯ ಸಾಲು ಚೆನ್ನಾಗಿದೆ. ಆದರೆ ಸಂಸ್ಕೃತದ ‘ಮತ’ಕ್ಕೆ ಕನ್ನಡದ ‘ಪೆಟ್ಟಿಗೆ’ಯನ್ನು ಬೆಸೆದ ‘ಮತಪೆಟ್ಟಿಗೆ’ ಅರಿಸಮಾಸವಲ್ಲವೇ?

ಲಘುಬಾಹು: ಬಂದಿರಾ! ಹೋದ ಸಲ ನನ್ನ ಒಂದು ಶಿಥಿಲದ್ವಿತ್ವದ (ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘುವೆಂದೇ ಎಣಿಸುವುದು) ಮೇಲೆ ಮೂರು ದಿನ ಕುಳಿತಿದ್ದವರು ಇಷ್ಟು ತಡಮಾಡಿದ್ದೇ ಆಶ್ಚರ್ಯ. ಬಿರುದಾವಳಿಯಲ್ಲಿ ಅರಿಸಮಾಸ ಸಲ್ಲುತ್ತದೆಂದು ವೈಯಾಕರಣ ಕೇಶಿರಾಜನೇ ಒಪ್ಪಿದ್ದಾನೆ. ಚುನಾವಣೆ ಗೆದ್ದವರ ಬಿರುದಾವಳಿಗಿಂತ ಉದ್ದನೆಯದು ಯಾವುದಿದೆ?

ಗಣಕ: ಬಿರುದು ಗೆದ್ದವರಿಗೆ, ಪೆಟ್ಟಿಗೆಗಲ್ಲ. ವ್ಯಾಕರಣ ಹಾಗಿರಲಿ, ಕಾಲವಾದರೂ ಕೂಡುತ್ತದೆಯೇ? 1872ರವರೆಗೆ ಅಲ್ಲಿಯ ಮತದಾರ ಎಲ್ಲರೆದುರು ನಿಂತು, ತನ್ನ ಜಮೀನ್ದಾರನಿಗೂ ಕೇಳಿಸುವಂತೆ, ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಲಘುಬಾಹು: ಅದಕ್ಕೇ ‘ಕನಸಿನ’ ಎಂದದ್ದು, ಸ್ವಾಮಿ. ಗುಟ್ಟಿನ ಮತದಾನವು ಸುಧಾರಣಾವಾದಿಗಳ ಬೇಡಿಕೆಯಾಗಿತ್ತು.

ಗಣಕ: ಕನಸಿನ ಪೆಟ್ಟಿಗೆಯಿಂದ ನಿಜವಾದ ಪ್ರಭುಗಳಿಬ್ಬರು ಹೇಗೆ ಹೊರಬಂದರು? ‘ಧನಿಕರ್ಗೊಪ್ಪುವುದಲ್ತೇ’ ಎಂದು ತಿದ್ದಿದರೆ ಪ್ರಾಸವೂ ಉಳಿಯುತ್ತದೆ, ಆ ಕೋಟೆ ಯಾರ ಕಿಸೆಯಲ್ಲಿತ್ತೆಂಬುದೂ ತಿಳಿಯುತ್ತದೆ.

ಮಂದಾನಿಲ: ನಿಮ್ಮ ಜಗಳದ ನಡುವೆ ನನ್ನದೊಂದು:
ದಿನಮೆಲ್ಲಂ ದುಡಿದ ಕರಂ
ತನಗೇಂ ಪಾಲೆಂದು ಕೇಳೆ ಕತ್ತಿಯ ಪೆಟ್ಟೇ
ಘನಮಲ್ತೆ ನ್ಯಾಯಮಿದೋ
ಜನಮಿಲ್ಲದ ಪಾಳು ಕೋಟೆಗಿರ್ವರ್ ಪ್ರಭುಗಳ್

ಪೃಚ್ಛಕ: ಸೊಗಸಾಗಿದೆ.

ಮಂದಾನಿಲ: ಇಟಲಿಯಲ್ಲಿದ್ದ ಇಂಗ್ಲಿಷ್ ಕವಿ ಶೆಲ್ಲಿ ಈ ಮ್ಯಾಂಚೆಸ್ಟರಿನ ಸುದ್ದಿ ಕೇಳಿ ಕೂಡಲೇ ಬರೆದ ಪ್ರತಿಭಟನೆಯ ಕವನ ಅಚ್ಚಾದದ್ದು 1832ರಲ್ಲಿ, ಅವನು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಅದೇ ವರ್ಷದ ಸುಧಾರಣಾ ಕಾಯ್ದೆ ಓಲ್ಡ್ ಸೇರಮ್ಮಿನ ಎರಡೂ ಸ್ಥಾನಗಳನ್ನು ಕಿತ್ತುಹಾಕಿತು.

ಲಘುಬಾಹು: ಗಣಕರ ಕೈಗೆ ಸಿಕ್ಕಿದ್ದರೆ ಅದು ಇನ್ನೂ ಅಚ್ಚಾಗುತ್ತಿರಲಿಲ್ಲ.

ಗಣಕ: ಅದನ್ನು ತಡೆದಿಟ್ಟವನು ಸಂಪಾದಕ, ವೈಯಾಕರಣನಲ್ಲ. ಇರಲಿ, ಮೂರನೆಯ ಸಾಲನ್ನು ತಿದ್ದಿದಿರಾ?

ಲಘುಬಾಹು: ತಿದ್ದಿಲ್ಲ.