ಸೈಕಲ್ಲಿಗೆ ಹೊಸ ಕ್ಯಾಸೆಟ್, ಹೊಸ ಚೈನ್ ಹಾಕಿದ ಮೇಲೆ ಟಕ್ ಟಕ್ ಸದ್ದು, ಅದೂ ಬ್ಯಾಗ್ ಇದ್ದಾಗ ಮಾತ್ರ!! (ಕಲಬುರಗಿ)

ಕಾಗಿಣಾ_ಸವಾರ (ಕಲಬುರಗಿ)

ತಲೆ ಕೆಟ್ಟು ಹೋಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸೈಕಲ್ ಮೇಲೆ ಬೀದರ್‌ಗೆ ಹೋಗಿ ಎರಡು ರಾತ್ರಿ ಇದ್ದು ಬರೋಣ ಅಂತ ಸಾಮಾನೆಲ್ಲ ಆನ್‌ಲೈನ್‌ನಲ್ಲಿ ತರಿಸಿದೆ. 8 ಸ್ಪೀಡ್ 11-34 ಕ್ಯಾಸೆಟ್ (ಹಿಂದಿನ ಚಕ್ರದ ಎಂಟು ಹಲ್ಲುಚಕ್ರದ ಗುಚ್ಛ, 11ರಿಂದ 34 ಹಲ್ಲು), ಚೈನ್, ಕ್ಯಾರಿಯರ್ ಎರಡೂ ಬದಿಗೆ ನೇತು ಹಾಕೋ ಪ್ಯಾನಿಯರ್ ಬ್ಯಾಗ್ ಜೋಡಿ. ಊರಲ್ಲಿ ಇವೆಲ್ಲ ಎಲ್ಲಿ ಸಿಗುತ್ತೆ? ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕ್ಯಾಸೆಟ್ ಕೇಳಿದರೆ ಹುಡುಗ ನಗುತ್ತಾನೆ.

ಬ್ಯಾಗ್ ತುಂಬಿಕೊಂಡು ಸೇಡಂ ರಸ್ತೆಯಲ್ಲಿ ಮಳಖೇಡದ ತನಕ ಹೋಗಿ ಬಂದೆ. ಹಿಂದಿನ ಚಕ್ರದ ಹತ್ತಿರ ಟಕ್ ಟಕ್ ಟಕ್. ಪೆಡಲ್ ನಿಲ್ಲಿಸಿದರೆ ಸದ್ದೂ ನಿಲ್ಲುತ್ತೆ. ಮನೆಗೆ ಬಂದು ಬ್ಯಾಗ್ ತೆಗೆದು ಮೇಸ್ತ್ರಿ ಹತ್ತಿರ ಒಯ್ದರೆ ಸದ್ದೇ ಇಲ್ಲ! ತಲೆಕೆಳಗೆ ಮಾಡಿ ತಿರುಗಿಸಿದರು, ಓಡಿಸಿ ನೋಡಿದರು, "ಚೊಲೋ ಐತಿ ತಗೋರಿ" ಅಂದರು. ಮತ್ತೆ ಬ್ಯಾಗ್ ಹಾಕಿದರೆ ಮತ್ತೆ ಟಕ್ ಟಕ್.

ಮಾರಿದವರನ್ನು ಕೇಳಿದರೆ, ಒಮ್ಮೆ ಫಿಟ್ ಮಾಡಿದ ಕ್ಯಾಸೆಟ್ ವಾಪಸ್ ತಗೊಳ್ಳಲ್ಲ ಅಂತಾರೆ. ದುಡ್ಡು ಹೋಯ್ತಾ ನಂದು?

ಕೆಂಪುಮಣ್ಣು (ಬೀದರ್)

ಹ್ಯಾಂಗರ್ ಬಾಗಿದೆ. ನೂರಕ್ಕೆ ನೂರು.

ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋದು) ನೇತು ಬೀಳೋ ಆ ಸಣ್ಣ ತುಂಡು ಅಲ್ಯೂಮಿನಿಯಂದು. ಸೈಕಲ್ ಒಂದು ಸಲ ಬಲಕ್ಕೆ ಬಿದ್ದರೂ ಸಾಕು, ಬಾಗುತ್ತೆ. ಹಿಂದೆ ನಿಂತು ನೋಡಿ, ಡಿರೇಲರ್‌ನ ಎರಡು ಪುಟ್ಟ ಚಕ್ರ ಮೇಲಿನ ಹಲ್ಲಿನ ನೇರಕ್ಕೇ ಇವೆಯಾ? ಹ್ಯಾಂಗರ್ ನೆಟ್ಟಗಿದೆಯಾ ಅಂತ ಅಳೆಯೋ ಗೇಜ್ ಇಲ್ಲದಿದ್ದರೆ ಇನ್ನೊಂದು ಸೈಕಲ್ಲಿನ ಹಿಂದಿನ ಚಕ್ರ ತಂದು ಅದರ ಆಕ್ಸಲನ್ನೇ ಹ್ಯಾಂಗರ್‌ನ ತೂತಿಗೆ ತಿರುಗಿಸಿ. ಎರಡಕ್ಕೂ ಎಂ10, 1 ಎಂಎಂ ಥ್ರೆಡ್. ಆಮೇಲೆ ಎರಡು ರಿಮ್ಮುಗಳ ನಡುವಿನ ಅಂತರ ಸುತ್ತಲೂ ಅಳೆಯಿರಿ. ಒಂದೇ ಸಮ ಇದ್ದರೆ ಹ್ಯಾಂಗರ್ ನೆಟ್ಟಗಿದೆ ಅಂತ. ಇರಲ್ಲ ಬಿಡಿ.

ತೊಗರಿ_ಕಣಜ (ಕಲಬುರಗಿ)

ಕ್ಯಾಸೆಟ್ ಅಸಲಿನಾ? ಆನ್‌ಲೈನ್‌ನಲ್ಲಿ ಡೂಪ್ಲಿಕೇಟ್ ಜಾಸ್ತಿ. ಡಬ್ಬಿ ಫೋಟೋ ಹಾಕಿ. ಪಾರ್ಸಲ್ ಬಿಚ್ಚುವಾಗ ವಿಡಿಯೋ ಮಾಡಿದ್ದೀರಾ?

ಕಾಗಿಣಾ_ಸವಾರ

ಅಸಲಿನೇ, ಶಿಮಾನೋ. ವಿಡಿಯೋ ಯಾರು ಮಾಡ್ತಾರೆ ಸ್ವಾಮಿ? ಹ್ಯಾಂಗರ್ ಕಣ್ಣಿಗೆ ನೆಟ್ಟಗೇ ಕಾಣುತ್ತೆ. ಬಾಗಿದ್ದರೆ ಬ್ಯಾಗ್ ಇಲ್ಲದಾಗಲೂ ಸದ್ದು ಬರಬೇಕಲ್ವಾ?

ಕೆಂಪುಮಣ್ಣು

ಕಣ್ಣಿಗೆ ಕಾಣಲ್ಲ, ಅದಕ್ಕೇ ಗೇಜ್ ಇರೋದು. ಭಾರ ಬಿದ್ದಾಗ ಫ್ರೇಮಿನ ಹಿಂದಿನ ತ್ರಿಕೋನ ಸ್ವಲ್ಪ ಮಣಿಯುತ್ತೆ, ಆಗ ತಪ್ಪು ಎದ್ದು ಕಾಣುತ್ತೆ. ನನ್ನ ಮಾತು ಕೇಳಿ.

ಎರೆಹೊಲ (ಚಿಂಚೋಳಿ)

ಬ್ಯಾಗಿನ ಭಾರಕ್ಕೆ ಹ್ಯಾಂಗರ್ ಮಣಿಯೋದಾ? ಬ್ಯಾಗ್ ಕೂರೋದು ಕ್ಯಾರಿಯರ್ ಮೇಲೆ, ಡಿರೇಲರ್ ಮೇಲಲ್ಲ ಗುರುಗಳೇ. ನನಗೆ ಕಡ್ಡಿ ಸಡಿಲ ಇರಬೇಕು ಅನಿಸುತ್ತೆ. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ.

ಕೆಂಪುಮಣ್ಣು

ಕಡ್ಡಿ ಸಡಿಲ ಇದ್ದರೆ ಪೆಡಲ್ ನಿಲ್ಲಿಸಿದರೂ ಸದ್ದು ಬರುತ್ತೆ. ಅವರು ಬರೆದಿದ್ದನ್ನು ಓದಿದ್ದೀರಾ?

ಶಹಾಪುರದ_ಅಕ್ಕ (ಯಾದಗಿರಿ ಜಿಲ್ಲೆ)

ಯಾವ ಗೇರಲ್ಲಿ ಸದ್ದು? ಎಲ್ಲದರಲ್ಲೂನಾ, ಒಂದರಲ್ಲೇನಾ? ಮತ್ತೆ, ಬ್ಯಾಗ್ ತೆಗೆದೆ ಅಂದರೆ ಬರೀ ಬ್ಯಾಗಾ, ಕ್ಯಾರಿಯರ್ ಕೂಡಾನಾ?

ತೊಗರಿ_ಕಣಜ

ಇಂಥದ್ದನ್ನೆಲ್ಲ ಆನ್‌ಲೈನ್‌ನಲ್ಲಿ ತರಿಸಬೇಡಿ ಅಂತ ಎಷ್ಟು ಸಲ ಹೇಳೋದು? ಹೈದರಾಬಾದ್‌ಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಬೆಳಗಿನ ರೈಲಿಗೆ ಹೋದರೆ ರಾತ್ರಿಗೆ ಮನೆಯಲ್ಲಿರ್ತೀರಿ.

ಎರೆಹೊಲ

ಒಂದು ಚೈನ್ ತರೋಕೆ ಒಂದು ದಿನದ ಕೂಲಿ, ರೈಲು ಖರ್ಚು, ಮೇಲೆ ಬಿರಿಯಾನಿ. ನೀವು ಕೊಡ್ತೀರಾ? ಚಿಂಚೋಳಿಗೆ ಕೊರಿಯರ್ ಬಂದರೆ ಅದೇ ಹಬ್ಬ ನಮಗೆ. ಎಷ್ಟೋ ಸೈಟು ನಮ್ಮ ಪಿನ್‌ಕೋಡ್ ಹಾಕಿದ ಕೂಡಲೇ 'ಸೇವೆ ಇಲ್ಲ' ಅನ್ನುತ್ತೆ. ನಾನು ಕಲಬುರಗಿಯ ಅತ್ತೆ ಮನೆ ವಿಳಾಸ ಕೊಡ್ತೀನಿ. ಅತ್ತೆ ಪಾರ್ಸಲನ್ನು ಬಸ್ಸಿಗೆ ಹಾಕಿ ಫೋನ್ ಮಾಡ್ತಾರೆ. ಕಂಡಕ್ಟರ್ ಇಳಿಸೋದು ಮರೆತರೆ ನನ್ನ ಟೈರು ನನಗಿಂತ ಮುಂಚೆ ತಾಂಡೂರು ನೋಡಿ ಬರುತ್ತೆ.

ತೊಗರಿ_ಕಣಜ

ಅಂಗಡಿಯಲ್ಲಾದರೆ ತಪ್ಪು ಸಾಮಾನು ಅಲ್ಲೇ ಬದಲಾಯಿಸಬಹುದು. ಆನ್‌ಲೈನ್‌ನಲ್ಲಿ 7 ಸ್ಪೀಡ್ ಸೈಕಲ್ಲಿಗೆ ಕ್ಯಾಸೆಟ್ ತರಿಸಿ, ಆಮೇಲೆ ಹಬ್ (ಚಕ್ರದ ನಡುಗುಂಬ) ತಿರುಪು ಸುತ್ತಿ ಕೂರಿಸೋ ಫ್ರೀವೀಲ್‌ದು ಅಂತ ಗೊತ್ತಾಗಿ ಅಳೋರು ಎಷ್ಟು ಜನ ಇಲ್ಲಿ. ಹೊರಗಿಂದ ಎರಡೂ ಒಂದೇ ತರ ಕಾಣುತ್ತೆ.

ಕಾಗಿಣಾ_ಸವಾರ

ನಂದು ಕ್ಯಾಸೆಟ್ ಕೂರೋ ಹಬ್ ಸ್ವಾಮಿ. ಇಷ್ಟಾದ ಮೇಲೂ ಆ ಚರ್ಚೆ ಯಾಕೆ? ನನ್ನ ಸದ್ದಿಗೆ ಯಾರಾದರೂ ಉತ್ತರ ಕೊಡಿ.

ಬಯಲು_ರಾಂಡೊ (ಬೀದರ್)

ಬೀದರ್‌ಗೆ ಬರ್ತಾ ಇದ್ದೀರಾ? ಸ್ವಾಗತ! ಹುಮನಾಬಾದ್ ಮೇಲೆ ಬನ್ನಿ, ಆದರೆ ಆ ಹೆದ್ದಾರಿಯಲ್ಲಿ ಲಾರಿ ಜಾಸ್ತಿ. ಬೆಳಗ್ಗೆ ಐದಕ್ಕೇ ಬಿಡಿ. ಹತ್ತು ಗಂಟೆ ಆದರೆ ಬಿಸಿಲು ಬಾಯಿ ಒಣಗಿಸಿಬಿಡುತ್ತೆ. ಜಾಲಿ ಮುಳ್ಳಿಗೆ ಏನು ಮಾಡಿದ್ದೀರಿ? ನಂದು ಟ್ಯೂಬ್‌ಲೆಸ್, 45 ಎಂಎಂ, ಮುಂದೆ ಡೈನಮೋ ಹಬ್. ಮೊಬೈಲ್ ಚಾರ್ಜ್ ಅದರಿಂದಲೇ. ಸೀಟಿನ ಕೆಳಗೆ 14 ಲೀಟರ್ ಬ್ಯಾಗ್, ಫ್ರೇಮಿನ ನಡುವೆ ಅರ್ಧ ಬ್ಯಾಗ್, ಹ್ಯಾಂಡಲ್ ಮೇಲೆ ಸುತ್ತಿದ ಚಾಪೆ. ಕ್ಯಾರಿಯರ್ ಅನ್ನೋದೇ ಇಲ್ಲ. ಕ್ಯಾರಿಯರ್ ಕಾಲ ಮುಗೀತು ಸರ್.

ಎರೆಹೊಲ

ಈ ಬಿಸಿಲಿಗೆ ಟೈರಿನೊಳಗಿನ, ತೂತು ಮುಚ್ಚೋ ಸೀಲಂಟ್ ಎರಡು ಮೂರು ತಿಂಗಳಿಗೇ ಒಣಗಿ ರಬ್ಬರ್ ಉಂಡೆ ಆಗುತ್ತೆ. ಅದನ್ನೂ ಹೇಳಿ. ಮುಳ್ಳಿಗೆ ಮ್ಯಾರಥಾನ್ ಪ್ಲಸ್ ಟೈರ್ ಹಾಕಿಸಿ, ಒಳಗೆ 5 ಎಂಎಂ ದಪ್ಪದ ಪದರ ಇದೆ. ಭಾರ, ನಿಜ. ಆದರೆ ನಡುದಾರಿಯಲ್ಲಿ ಟ್ಯೂಬ್ ಬಿಚ್ಚಿ ಕೂರಲ್ಲ.

ಬಯಲು_ರಾಂಡೊ

ಆ ಟೈರಲ್ಲಿ ಓಡಿಸೋದು ಅಂದರೆ ತೊಗರಿ ಮೂಟೆ ಎಳೆದ ಹಾಗೆ. 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸೋ ದೂರದ ಸವಾರಿ) 13.5 ಗಂಟೆ ಕೊಡ್ತಾರೆ, ಅದರಲ್ಲಿ ಮುಗಿಸಿ ತೋರಿಸಿ ನೋಡೋಣ.

ಎರೆಹೊಲ

ನಾನು ರೇಸಿಗೆ ಹೋಗಲ್ಲ ಸ್ವಾಮಿ, ಹೊಲಕ್ಕೆ ಹೋಗ್ತೀನಿ. ಮಳೆ ಬಂದಾಗ ಎರೆ ಮಣ್ಣಲ್ಲಿ ನಿಮ್ಮ 45 ಎಂಎಂ ಟೈರ್ ತಂದು ನೋಡಿ. ಹತ್ತು ಹೆಜ್ಜೆಗೆ ಚಕ್ರ ಫ್ರೇಮಿಗೆ ಅಂಟಿ ನಿಲ್ಲುತ್ತೆ. ಮಡ್‌ಗಾರ್ಡ್ ಇದ್ದರಂತೂ ಕಡ್ಡಿ ಹಾಕಿ ಕೆರೆಯಬೇಕು.

ಶಹಾಪುರದ_ಅಕ್ಕ

ಕಾಗಿಣಾ ಅವರೇ, ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಯಾವ ಗೇರು? ಕ್ಯಾರಿಯರ್ ಇತ್ತಾ, ಇರಲಿಲ್ಲವಾ?

ಕಾಗಿಣಾ_ಸವಾರ

ಕಡೇ ಗೇರಲ್ಲಿ ಅಕ್ಕಾ, 11 ಹಲ್ಲಿಂದು. ಒಮ್ಮೊಮ್ಮೆ ಅದರ ಹಿಂದಿನದರಿಂದ ಇದಕ್ಕೆ ಬೀಳುವಾಗಲೂ. ಉಳಿದವುಗಳಲ್ಲಿ ಇಲ್ಲ. ಹೇಳಿದ್ದೆ ಅಂದುಕೊಂಡೆ.

ಕ್ಯಾರಿಯರನ್ನು ಬ್ಯಾಗಿನ ಜೊತೆಗೇ ಬಿಚ್ಚಿಡ್ತೀನಿ. ಮನೆ ಎರಡನೇ ಮಹಡಿ, ಮೆಟ್ಟಿಲು ಇಕ್ಕಟ್ಟು, ಕ್ಯಾರಿಯರ್ ಗೋಡೆಗೆ ತಾಗುತ್ತೆ. ಅದಕ್ಕೂ ಗೇರಿಗೂ ಏನು ಸಂಬಂಧ?

ಕೆಂಪುಮಣ್ಣು

ಕಡೇ ಗೇರಾ? ಮೊದಲೇ ಹೇಳಬಾರದಾ! ಹ್ಯಾಂಗರ್ ಜೊತೆಗೆ ಹೆಚ್ ಸ್ಕ್ರೂ (ಚೈನ್ ಕಡೇ ಹಲ್ಲು ದಾಟದ ಹಾಗೆ ತಡೆಯೋದು) ಕೂಡ ತಪ್ಪಿದೆ. ಡಿರೇಲರ್ ಮೇಲಿನ ಎರಡು ತಿರುಪಲ್ಲಿ ಹೆಚ್ ಅಂತ ಬರೆದಿದ್ದನ್ನು ಸ್ವಲ್ಪ ಸ್ವಲ್ಪವೇ ಬಲಕ್ಕೆ ತಿರುಗಿಸಿ, ಸದ್ದು ನಿಲ್ಲೋ ತನಕ.

ಕಾಗಿಣಾ_ಸವಾರ

ತಿರುಗಿಸಿದೆ. ಬ್ಯಾಗ್, ಕ್ಯಾರಿಯರ್ ಎಲ್ಲ ಹಾಕಿ ಜೇವರ್ಗಿ ರಸ್ತೆಯಲ್ಲಿ ಒಂದು ಸುತ್ತು. ಸದ್ದು ಇಲ್ಲ!!

ಕೆಂಪುಮಣ್ಣು

ಹೇಳಲಿಲ್ವಾ? ಇನ್ನು ಹ್ಯಾಂಗರ್ ನೆಟ್ಟಗೆ ಮಾಡಿಸಿ, ಮುಗೀತು.

ಕಾಗಿಣಾ_ಸವಾರ

ಗುರುಗಳೇ, ಖುಷಿಪಟ್ಟಿದ್ದು ಬೇಗ ಆಯ್ತು. ಈಗ ಚೈನ್ 8ನೇ ಗೇರಿಗೆ ಬೀಳೋದೇ ಇಲ್ಲ, 7ರಲ್ಲೇ ನಿಲ್ಲುತ್ತೆ. ಸದ್ದು ಹೇಗೆ ಬರುತ್ತೆ?

ಎರೆಹೊಲ

😂 ಹಲ್ಲು ನೋವು ಅಂದರೆ ಹಲ್ಲೇ ಕಿತ್ತಿಟ್ಟರು.

ಶಹಾಪುರದ_ಅಕ್ಕ

ಹೆಚ್ ಸ್ಕ್ರೂ ಮೊದಲಿದ್ದ ಜಾಗಕ್ಕೇ ತನ್ನಿ. ಅದರ ತಪ್ಪಲ್ಲ.

ಕ್ಯಾರಿಯರ್‌ನ ಬಲಗಾಲು ಫ್ರೇಮಿನ ಹಿಂದಿನ ತುದಿಯಲ್ಲಿ, ಆಕ್ಸಲ್ ಮೇಲ್ಗಡೆ ಕೂರುತ್ತೆ. ಅಲ್ಲಿ ಯಾವ ಬೋಲ್ಟ್ ಹಾಕಿದ್ದೀರಿ, ಎಷ್ಟು ಉದ್ದ? ಆ ತೂತು ಆರಪಾರ ಇರುತ್ತೆ. ಬೋಲ್ಟ್ ಉದ್ದ ಆದರೆ ತುದಿ ಒಳಗಡೆ, ಕ್ಯಾಸೆಟ್ ಕಡೆಗೆ ಚಾಚುತ್ತೆ. ಕಡೇ ಹಲ್ಲುಚಕ್ರಕ್ಕೂ ಫ್ರೇಮಿಗೂ ನಡುವೆ ಇರೋದು ಕೆಲವೇ ಮಿಲಿಮೀಟರ್. ಚೈನ್ ಬೇರೆ ಗೇರಲ್ಲಿದ್ದಾಗ ದೂರ, ಕಡೇ ಗೇರಿಗೆ ಬಂದಾಗ ಬೋಲ್ಟ್ ತುದಿಗೆ ತಾಗುತ್ತೆ. ಕ್ಯಾರಿಯರ್ ಬಿಚ್ಚಿದರೆ ಬೋಲ್ಟೂ ಹೋಯ್ತು, ಸದ್ದೂ ಹೋಯ್ತು. ನಿಮ್ಮ ಮೇಸ್ತ್ರಿಗೆ ಏನು ಕಾಣಬೇಕು ಪಾಪ.

ಕ್ಯಾರಿಯರ್ ಇರಲಿ, ಬ್ಯಾಗ್ ಬೇಡ. ಕಡೇ ಗೇರಿಗೆ ಹಾಕಿ ಕೈಯಿಂದ ಪೆಡಲ್ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ.

ಕೆಂಪುಮಣ್ಣು

ಅಕ್ಕಾ, ಕ್ಯಾರಿಯರ್ ಜೊತೆ ಬರೋ ಬೋಲ್ಟ್ ಸರಿಯಾದ ಅಳತೆಯದ್ದೇ ಇರುತ್ತೆ. ಕಂಪನಿಯವರು ಅಷ್ಟು ದಡ್ಡರಲ್ಲ.

ಕಾಗಿಣಾ_ಸವಾರ

ಬೋಲ್ಟ್ ಜೊತೆಗೆ ಬರಲೇ ಇಲ್ಲ. ಕ್ಯಾರಿಯರ್ ಪಾರ್ಸಲಲ್ಲಿ ಸ್ಕ್ರೂ ಪೊಟ್ಟಣ ಇರಲಿಲ್ಲ. ಡಬ್ಬಿ ಮೂಲೆ ಹರಿದಿತ್ತು, ದಾರಿಯಲ್ಲೇ ಬಿದ್ದಿರಬೇಕು. ಸ್ಟೇಷನ್ ಬಜಾರ್ ಹತ್ತಿರ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ5 (5 ಎಂಎಂ ದಪ್ಪ) ತಗೊಂಡೆ, 25 ಎಂಎಂ ಉದ್ದ. ಅದಕ್ಕಿಂತ ಗಿಡ್ಡ ಇಲ್ಲ ಅಂದರು. ಈಗ ಟಾರ್ಚ್ ಹಿಡಿದು ನೋಡಿ ಬರ್ತೀನಿ.

ಕಾಗಿಣಾ_ಸವಾರ

ಅಕ್ಕಾ!!!

ಬೋಲ್ಟಿನ ಕಪ್ಪು ಬಣ್ಣ ತುದಿಯಲ್ಲಿ ಪೂರ್ತಿ ಹೋಗಿ ಬೆಳ್ಳಗೆ ಹೊಳೀತಾ ಇದೆ. ಕಡೇ ಎರಡು ಸುತ್ತು ಥ್ರೆಡ್ ಒಂದು ಕಡೆ ಸವೆದು ಚಪ್ಪಟೆ. ಚೈನಿನ ಕೊಂಡಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ, ಹೊರಗಿನ ಪಟ್ಟಿ ಮೇಲೆ ಸಣ್ಣ ಗೀರು. ಒಳಗಿನ ಕೊಂಡಿಗೆ ಏನೂ ಆಗಿಲ್ಲ, ಬರೀ ಹೊರಗಿನದು ತಾಗಿದೆ. ಅದಕ್ಕೇ ಟಕ್... ಟಕ್... ಅಂತ ಬಿಟ್ಟು ಬಿಟ್ಟು ಬರ್ತಾ ಇದ್ದಿದ್ದು.

ಶಹಾಪುರದ_ಅಕ್ಕ

ಅದೇ. ಗೀರು ಮೇಲ್ಮೈಯಲ್ಲೇ ಇದ್ದರೆ ಚೈನ್ ಬದಲಾಯಿಸೋದು ಬೇಡ. ಯಾವುದಾದರೂ ಕೊಂಡಿ ಬಾಗಿದೆಯಾ, ಬಿಗಿಯಾಗಿದೆಯಾ ಅಂತ ಮಾತ್ರ ಬೆರಳಲ್ಲಿ ಆಡಿಸಿ ನೋಡಿ.

ಕ್ಯಾರಿಯರ್ ಕಾಲಿನ ದಪ್ಪ, ಫ್ರೇಮಿನ ತೂತಿನ ದಪ್ಪ ಎರಡನ್ನೂ ಅಳೆದು ಕೂಡಿಸಿ. ವಾಷರ್ ಇದ್ದರೆ ಅದನ್ನೂ ಸೇರಿಸಿ. ಅಷ್ಟೇ ಉದ್ದದ ಬೋಲ್ಟ್ ಬೇಕು, ಒಳಗಡೆ ಫ್ರೇಮಿನ ಮಟ್ಟಕ್ಕೆ ನಿಲ್ಲಬೇಕು. ಇವತ್ತೇ ಆಗಬೇಕಾದರೆ ಇರೋ ಬೋಲ್ಟನ್ನೇ ಗರಗಸದಲ್ಲಿ ಕತ್ತರಿಸಿ. ಕತ್ತರಿಸೋ ಮೊದಲು ಒಂದು ನಟ್ ಏರಿಸಿಕೊಳ್ಳಿ. ಆಮೇಲೆ ತುದಿಗೆ ಅರ ಹಾಕಿ ನಟ್ ಹೊರಗೆ ತಿರುಗಿಸಿ ತೆಗೆದರೆ ಥ್ರೆಡ್ ತಾನೇ ಸರಿಯಾಗುತ್ತೆ. ಥ್ರೆಡ್ಡಿಗೆ ಹಿಡಿಯೋ ಅಂಟು, ನೀಲಿ ಲಾಕ್‌ಟೈಟ್ ಒಂದು ಹನಿ. ಭಾರ ಹೊತ್ತು ನಮ್ಮ ರಸ್ತೆಯಲ್ಲಿ ಕುಣಿದರೆ ಬೋಲ್ಟ್ ತಾನಾಗೇ ಬಿಚ್ಚಿಕೊಳ್ಳುತ್ತೆ.

ತೊಗರಿ_ಕಣಜ

ಕಪ್ಪು ಬೋಲ್ಟ್ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಹಾಕಿ.

ಕೆಂಪುಮಣ್ಣು

ಸ್ಟೇನ್‌ಲೆಸ್ ಮೆತ್ತಗೆ. ಎ2-70 ದರ್ಜೆ ಅಂದರೆ 700 ಮೆಗಾಪಾಸ್ಕಲ್ ಬಲ, ಕಪ್ಪು 8.8 ದರ್ಜೆ ಆದರೆ 800. ಭಾರಕ್ಕೆ ಕಪ್ಪೇ ಸರಿ.

ತೊಗರಿ_ಕಣಜ

ನಾಲ್ಕು ಬನಿಯನ್, ಒಂದು ಡೇರೆ ಹೊರೋಕೆ 700 ಸಾಲಲ್ವಾ? ಸೈಕಲ್ಲಿಗೆ ಸೇತುವೆ ಕಟ್ತಾ ಇದ್ದಾರಾ?

ಎರೆಹೊಲ

ಆ ಕಾಣೆಯಾದ ಪೊಟ್ಟಣಕ್ಕೆ ದೂರು ಕೊಡಿ, ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜಗ್ಗದಿದ್ದರೆ ಗ್ರಾಹಕರ ಸಹಾಯವಾಣಿ 1915. ಹರಿದ ಡಬ್ಬಿಯ ಫೋಟೋ ಇದ್ದರೆ ಸಾಕು.

ಕಾಗಿಣಾ_ಸವಾರ

ಡಬ್ಬಿ ರದ್ದಿಗೆ ಹೋಯ್ತು. ನಾಲ್ಕು ಬೋಲ್ಟಿಗೆ ಯಾರು ಜಗಳ ಆಡ್ತಾರೆ ಬಿಡಿ.

ಬೋಲ್ಟ್ ಕತ್ತರಿಸಿ ಹಾಕಿದೆ, ಹೆಚ್ ಸ್ಕ್ರೂ ವಾಪಸ್ ತಿರುಗಿಸಿದೆ. ಎಂಟೂ ಗೇರು ಬೀಳ್ತಾ ಇವೆ, ಬ್ಯಾಗ್ ತುಂಬಿದ್ದರೂ ಸದ್ದಿಲ್ಲ. ಅಕ್ಕಾ, ಶಹಾಪುರಕ್ಕೆ ಬಂದರೆ ಚಹಾ ನಂದು.

ಕೆಂಪುಮಣ್ಣು

ಸಂತೋಷ. ಆದರೂ ಬೀದರ್‌ಗೆ ಬಂದಾಗ ನಮ್ಮ ಮನೆ ಹತ್ತಿರ ನಿಲ್ಲಿಸಿ, ಗೇಜ್ ಇದೆ. ಹ್ಯಾಂಗರ್ ಒಂದು ಸಲ ನೋಡಿಬಿಡೋಣ.

ಬಯಲು_ರಾಂಡೊ

ಸೀಟ್ ಬ್ಯಾಗ್ ಆಗಿದ್ದರೆ ಈ ಬೋಲ್ಟ್ ರಗಳೆನೇ ಇರ್ತಿರಲಿಲ್ಲ, ಸುಮ್ನೆ ಹೇಳ್ತಾ ಇದ್ದೀನಿ.

ಎರೆಹೊಲ

ಕಾಗಿಣಾ ಅವರೇ, ಹಳೇ ಕ್ಯಾಸೆಟ್ ಏನು ಮಾಡಿದ್ರಿ? ಮಾರೋದಾದರೆ ಹೇಳಿ. ಕಲಬುರಗಿಯಲ್ಲಿ ಅತ್ತೆ ಕೈಗೆ ಕೊಟ್ಟರೆ ಸಾಕು.

ಕಾಗಿಣಾ_ಸವಾರ

12-32, ಹಲ್ಲು ಅರ್ಧ ಸವೆದಿದೆ. ದುಡ್ಡು ಬೇಡ, ಒಯ್ಯಿರಿ. ಅತ್ತೆ ಮನೆ ಯಾವ ಕಡೆ?

ಎರೆಹೊಲ

ಮೆಸೇಜ್ ಮಾಡಿದ್ದೀನಿ ನೋಡಿ.