ಭವಿಷ್ಯ ಊಹೆಯ ಮಾರುಕಟ್ಟೆ: ಗಡಿ ದಾಟಿದರೆ ಕಾನೂನು ಯಾರದ್ದು?

ಪ್ರಶ್ನೆ: ಮುಂದೆ ಏನಾಗುತ್ತೆ ಅಂತ ಊಹಿಸಿ ಹಣ ಕಟ್ಟುವ ಆ್ಯಪ್‌ನಲ್ಲಿ ಚುನಾವಣೆಯ ಮೇಲೆ ‘ಹೌದು’ ಷೇರನ್ನು 62 ಸೆಂಟಿಗೆ ಕೊಂಡಿದ್ದೆ. ಗೆದ್ದರೆ ಒಂದು ಡಾಲರ್. ಬೇರೆ ದೇಶಕ್ಕೆ ಹೋಗಿ ಆ್ಯಪ್ ತೆರೆದರೆ ‘ಇಲ್ಲಿ ಲಭ್ಯವಿಲ್ಲ’ ಅಂತ ಬಂತು. ಮಾರೋಕೂ ಬಿಡುತ್ತಿಲ್ಲ. ದೂರು ಯಾರಿಗೆ ಕೊಡಲಿ?

ಉತ್ತರ 1: ತೊಡಕು ಇರೋದೇ ಅಲ್ಲಿ. ಅಮೆರಿಕದಲ್ಲಿ ಇದನ್ನು ವಾಯಿದೆ ವ್ಯಾಪಾರದ ಆಯೋಗ ನೋಡಿಕೊಳ್ಳುತ್ತದೆ. ನೋಂದಣಿ ಇಲ್ಲದ್ದಕ್ಕೆ 2022ರಲ್ಲಿ ಇಂಥದ್ದೇ ಮಾರುಕಟ್ಟೆ ನಡೆಸುವ ಪಾಲಿಮಾರ್ಕೆಟ್ ಕಂಪನಿಗೆ 14 ಲಕ್ಷ ಡಾಲರ್ ದಂಡ ಬಿತ್ತು. ಫ್ರಾನ್ಸ್, ಸಿಂಗಾಪುರದಲ್ಲಿ ಜೂಜು ನಿಯಂತ್ರಕರು ನೋಡುತ್ತಾರೆ. ಅದೇ ಷೇರು ಅಮೆರಿಕದಲ್ಲಿ ಹಣಕಾಸು, ಈ ದೇಶಗಳಲ್ಲಿ ಜೂಜು!

ಉತ್ತರ 2: ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಮಾತ್ರ ಹಾಕಬೇಡಿ. ನಿಯಮ ಮುರಿದಿರಿ ಅಂತ ಖಾತೆಯನ್ನೇ ಮುಚ್ಚಿಬಿಡಬಹುದು. ಪರದೆಯ ಚಿತ್ರ ಇಟ್ಟುಕೊಳ್ಳಿ.

ಕೇಳಿದವರು: ತೆಗೆದಿಟ್ಟಿದ್ದೇನೆ. ಹೊಸಬರನ್ನು ತಡೆಯಲಿ, ಸರಿ. ಹಳಬರು ಹಣ ತೆಗೆಯಲು ದಾರಿ ಬಿಡಬೇಕು, ಅಲ್ವಾ?